ಬೀದರ್‌ನ ಮಣ್ಣಿಗೊಂದು ಕ್ವೆಸ್ಟ್

ಮೇ ತಿಂಗಳ ಮಧ್ಯಾಹ್ನ ಬೀದರ್‌ನಲ್ಲಿ ಹೊರಗೆ ಕಾಲಿಡೋಕೆ ಆಗಲ್ಲ. ಕೂಲರ್ ಮುಂದೆ ಕೂತು 'ದಿ ವಿಚರ್ 3' ವಿಡಿಯೋ ಗೇಮ್ ಮತ್ತೆ ಶುರು ಮಾಡಿದೆ. "ಅದೇ ಆಟ ಎಷ್ಟ್ ಸಲ ಆಡ್ತಿಯೋ?" ಅಂದಳು ಅವ್ವ.

ಅದೇ ಆಟ ಅಲ್ಲವ್ವ! 2015ರ ಈ ಆಟದಲ್ಲಿ ಒಬ್ಬ ಕುಡುಕ ಬ್ಯಾರನ್, ಅಂದ್ರೆ ಊರೊಡೆಯ, ಇದ್ದಾನೆ. ಹೆಂಡತಿಯನ್ನು ಹೊಡೆದವನು. ಈಗ ಅವಳನ್ನು ಹುಡುಕುತ್ತಿದ್ದಾನೆ. ಮೊದಲ ಸಲ ನಾನು ಮರದೊಳಗೆ ಸಿಕ್ಕಿಕೊಂಡಿದ್ದ ಆತ್ಮವನ್ನು ಬಿಡಿಸಿದೆ. ಅನಾಥ ಮಕ್ಕಳು ಉಳಿದರು. ಆದರೆ ಒಂದು ಹಳ್ಳಿಯೇ ನಾಶವಾಯಿತು, ಹೆಂಡತಿ ಸತ್ತಳು, ಬ್ಯಾರನ್ ನೇಣು ಹಾಕಿಕೊಂಡ. ಎರಡನೇ ಸಲ ಆತ್ಮವನ್ನು ಕೊಂದೆ. ಹೆಂಡತಿ ಬದುಕಿದಳು, ಮಕ್ಕಳು ಉಳಿಯಲಿಲ್ಲ. ಎಷ್ಟು ಲೆವೆಲ್ ಏರಿದರೂ ಇದನ್ನು ಸರಿ ಮಾಡೋಕೆ ಆಗಲ್ಲ. ನನಗೆ ಬೇಕಿರೋದು ಇಂಥದ್ದೇ ಆಟ.

'ಸ್ಕೈರಿಮ್' ಆಟವೂ ನನಗೆ ಇಷ್ಟವೇ. ಆದರೆ ಎರಡು ಮಂತ್ರ ಗೊತ್ತಿದ್ದರೆ ಸಾಕು, ಮಂತ್ರವಾದಿಗಳ ಕಾಲೇಜಿಗೇ ಮುಖ್ಯಸ್ಥ! 'ಬಾಲ್ಡರ್ಸ್ ಗೇಟ್ 3' ಆಟದಲ್ಲಿ ನಮ್ಮ ಪ್ರಯತ್ನ ಫಲಿಸುತ್ತದೋ ಇಲ್ಲವೋ ಅನ್ನೋದನ್ನು ಹೇಳುವ ದಾಳ ಕೈಕೊಟ್ಟರೂ ಕಥೆ ಬೇರೆ ದಾರಿ ಹಿಡಿಯುತ್ತದೆ, ಅದು ಖುಷಿ. ಎಲ್ಲಿ ಬೇಕಾದರೂ ಸೇವ್ ಮಾಡಬಹುದು ಅನ್ನೋದು ಇನ್ನೂ ಖುಷಿ, ನಮ್ಮ ಕರೆಂಟ್ ಕಥೆ ಗೊತ್ತಲ್ವಾ.

ನಾನೇ ಆಟ ಮಾಡಿದರೆ ಬೀದರ್ ಪಕ್ಕದ ನೌಬಾದ್‌ನಲ್ಲಿರೋ ಕರೇಜ್, ಅಂದ್ರೆ ನೆಲದಡಿಯ ಹಳೇ ನೀರಿನ ಸುರಂಗವೇ ಡಂಜನ್, ಆಟಗಾರ ಇಳಿದು ಹುಡುಕಾಡೋ ಕತ್ತಲೆ ಜಾಗ. ಮೊದಲ ಕ್ವೆಸ್ಟ್‌ನಲ್ಲಿ, ಅಂದ್ರೆ ಆಟ ಒಪ್ಪಿಸೋ ಕೆಲಸದಲ್ಲಿ, ಕತ್ತಿ ಬೇಡ. ಬಿದ್ರಿ ಕುಶಲಕರ್ಮಿಗೆ ಕೋಟೆಯ ಮಣ್ಣು ತಂದುಕೊಡಬೇಕು, ಹೂಜಿ ಕಪ್ಪಾಗೋಕೆ. ಆತ ಅದನ್ನು ನಾಲಿಗೆಗೆ ಹಚ್ಚಿ ನೋಡುತ್ತಾನೆ. ಬೇರೆ ಕಡೆಯ ಮಣ್ಣು ತಂದಿದ್ದರೆ ಏನೂ ಹೇಳಲ್ಲ, ಸುಮ್ನೆ ಚೀಲ ವಾಪಸ್ ಕೊಡುತ್ತಾನೆ.