ಹಳೆಯ ಬೋರ್ಡೋ, ಎರಡು ವರ್ಷಗಳ ಬೆಳೆ
ಹಳೆಯ ವೈನನ್ನು ಅಳೆಯುವಾಗ ನಾನು ನಾಲಿಗೆಗಿಂತ ಮೊದಲು ಕಣ್ಣನ್ನು ನಂಬುತ್ತೇನೆ. ಫ್ರಾನ್ಸಿನ ಬೋರ್ಡೋ ಸೀಮೆಯ ಪೊಯಾಕ್‌ನಲ್ಲಿ ಗೆಳೆಯರೊಬ್ಬರು ಈ ವಾರ ತೆರೆದ 1982ರ ದ್ರಾಕ್ಷಿ ಬೆಳೆಯ ಕೆಂಪು ವೈನನ್ನು ಬಿಳಿ ಬಟ್ಟೆಯ ಮೇಲೆ ಲೋಟ ಓರೆ ಮಾಡಿ ನೋಡಿದಾಗ ನಡುವೆ ಇನ್ನೂ ಗಾಢ ಕೆಂಪಿತ್ತು, ಅಂಚಿನಲ್ಲಿ ಮಾತ್ರ ವಯಸ್ಸಿನ ಗುರುತಾದ ಇಟ್ಟಿಗೆಯ ಬಣ್ಣ ತೆಳುವಾಗಿ ಹರಡಿತ್ತು. ಅವರು ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿದ ಮೇಲೆ, ಕತ್ತಿನ ಹಿಂದೆ ದೀಪವಿಟ್ಟುಕೊಂಡು ಬಹಳ ನಿಧಾನವಾಗಿ ಬಗ್ಗಿಸಿದ್ದರು.

ಎಳೆಯದಾಗಿದ್ದಾಗ ಬಾಯನ್ನು ಒಗರಿನಿಂದ ಹಿಡಿಯುವ, ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬರುವ ಟ್ಯಾನಿನ್‌ಗಳು ವರ್ಷಗಳು ಕಳೆದಂತೆ ತಮ್ಮತಮ್ಮಲ್ಲೂ ಬಣ್ಣದ ಅಂಶಗಳೊಡನೆಯೂ ಬೆಸೆದುಕೊಂಡು, ಒಂದು ಭಾಗ ಹೀಗೆ ಗಸಿಯಾಗಿ ಇಳಿಯುವುದರಿಂದ ವೈನು ಮೃದುವಾಗುತ್ತದೆ. ಮೂಗಿಗೆ ದೇವದಾರು, ಹೊಗೆಸೊಪ್ಪು, ಹದಮಾಡಿದ ಚರ್ಮ, ಅವುಗಳ ಕೆಳಗೆ ಬ್ಲ್ಯಾಕ್‌ಕರಂಟ್ ಹಣ್ಣಿನ ನಸುಸಿಹಿ; ಆ ಸಿಹಿ ಇನ್ನೂ ಉಳಿದಿತ್ತೆಂಬುದೇ ನನಗೆ ದೊಡ್ಡ ಸಂತೋಷ.

ಪಕ್ಕದಲ್ಲಿದ್ದ 1975ರದು, ಆ ವರ್ಷದ ಅನೇಕ ಬೋರ್ಡೋಗಳಂತೆ, ಒಗರು ಕರಗುವ ಮೊದಲೇ ಹಣ್ಣಿನ ಸಾರ ಕಳೆದುಕೊಂಡಿತ್ತು. ವಯಸ್ಸಾಗಿದೆ ಎಂಬ ಗೌರವಕ್ಕಾಗಿಯೇ ಹೆಚ್ಚು ಅಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಅದರಲ್ಲಿ ಹಣ್ಣು ಎಷ್ಟಿದೆ ಎಂಬುದನ್ನೇ ನೋಡುತ್ತೇನೆ; ಆ ಲೆಕ್ಕದಲ್ಲಿ 1982ರದಕ್ಕೆ ಇನ್ನೂ ಕೆಲವು ವರ್ಷಗಳ ಆಯುಸ್ಸಿದೆ.