ಬ್ರಾಹ್ಮಣಿ ದಂಡೆಯ ಹೊಲದಲ್ಲಿ ಎಳ್ಳಮವಾಸ್ಯೆ

ಎಳ್ಳಮವಾಸ್ಯೆಗೆ ಹೊಲ ಬೇಕೇ ಬೇಕು. ಯುಗಾದಿ, ದೀಪಾವಳಿಯನ್ನು ಎಲ್ಲಿದ್ದರೂ ಮಾಡಬಹುದು. ಪಂಚಮಿ ಜೋಕಾಲಿಯನ್ನು ಬಾಲ್ಕನಿಯ ಕೊಂಡಿಗೂ ಕಟ್ಟಬಹುದು. ಈ ಹಬ್ಬ ಮಾತ್ರ ಮನೆಯೊಳಗೆ ಮುಗಿಯುವುದಲ್ಲ. ಹಿಂಗಾರಿ ಜೋಳ ತೆನೆ ಹಿರಿಯುವ, ಕಡಲೆ ಹೂ ಬಿಡುವ ಹೊತ್ತಿಗೆ ಭೂಮಿತಾಯಿ ಬಸುರಿ. ಅವಳಿಗೆ ಬಯಕೆ ಊಟ ಬಡಿಸಲು ಬುತ್ತಿ ಕಟ್ಟಿಕೊಂಡು ಹೊಲಕ್ಕೇ ಹೋಗಬೇಕು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಎಡೆ ಹಿಡಿದು, ಆ ಎಡೆಯನ್ನು ಹೊಲದ ನಾಲ್ಕೂ ಬದಿಗೆ ಚೆಲ್ಲಿ ಬರಬೇಕು. ಅದೇ ಚರಗ. ಅದಾದ ಮೇಲೆಯೇ ನಮ್ಮ ಊಟ.

ನಮ್ಮದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆ. ಎರೆ ಭೂಮಿ, ಮಳೆ ನಂಬಿದ ಬೇಸಾಯ. ಅಪ್ಪ ಹೊಲವನ್ನು ದೊಡ್ಡಪ್ಪನ ಕೈಗೆ ಬಿಟ್ಟು ಗಿಣಿಗೇರಿ ಕಡೆಯ ಸ್ಟೀಲ್ ಕಾರ್ಖಾನೆಗೆ ಸೇರಿದವನು. ನಾನು ಪಿಯುಸಿಯಲ್ಲಿದ್ದಾಗ ಅದೇ ಕಸುಬಿನ ಮೇಲೆ ಒಡಿಶಾದ ರೂರ್ಕೆಲಾಕ್ಕೆ ಹೋದ. ಬೆನ್ನಿಗೇ ಅವ್ವ, ತಮ್ಮನೂ ಹೋದರು. ನಾನು ಕೊಪ್ಪಳದಲ್ಲೇ ಹಾಸ್ಟೆಲಿನಲ್ಲಿ ಉಳಿದು ಡಿಗ್ರಿ ಮುಗಿಸಿದೆ. ಎಳ್ಳಮವಾಸ್ಯೆ ಬಂತೆಂದರೆ ಯಲಬುರ್ಗಾ ಬಸ್ಸು ಹತ್ತಿ ಅಜ್ಜಿಯ ಊರಿಗೆ ಹೋಗುತ್ತಿದ್ದೆ. ಹಾಗಾಗಿ ಅಪ್ಪ-ಅವ್ವನಿಗೆ ತಪ್ಪಿದ ಹಬ್ಬ ನನಗೆ ತಪ್ಪಿರಲಿಲ್ಲ.

2023ರ ಕೊನೆಯಲ್ಲಿ, ಎಂಎಸ್ಸಿ ಪ್ರವೇಶ ಪರೀಕ್ಷೆಗೆ ಓದಿಕೊಳ್ಳಲೆಂದು ನಾನೂ ರೂರ್ಕೆಲಾಕ್ಕೆ ಹೊರಟೆ. ಕೊಪ್ಪಳದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಭುವನೇಶ್ವರದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ರೈಲು. ಆಗಷ್ಟೇ ಅವರು ಬಾಡಿಗೆ ಮನೆ ಬಿಟ್ಟು ಸ್ವಂತ ಫ್ಲ್ಯಾಟಿಗೆ ಬಂದಿದ್ದರು, ಮೂರನೇ ಮಹಡಿ. ಮನೆ ಚೆಂದ ಇದೆ. ಆದರೆ ಅದು ಮೂವರು ಸೇರಿ ಹೊಂದಿಸಿಕೊಂಡ ಮನೆ. ನನ್ನದೆಂದು ಬಿಟ್ಟ ಕೋಣೆಯಲ್ಲಿ ಅಕ್ಕಿ ಚೀಲ, ತಮ್ಮನ ಹಾಕಿ ಸ್ಟಿಕ್ಕು, ಬಿಚ್ಚದ ಎರಡು ಟ್ರಂಕು. ಯಾವ ಸ್ವಿಚ್ಚಿಗೆ ಯಾವ ದೀಪ ಹತ್ತುತ್ತದೆ, ಸಾಸಿವೆ ಡಬ್ಬಿ ಯಾವ ಕಪಾಟಿನಲ್ಲಿದೆ, ಎಲ್ಲವನ್ನೂ ಕೇಳಬೇಕು. ಅವ್ವನೂ ನನಗೆ ಕೆಲಸ ಹೇಳುತ್ತಿರಲಿಲ್ಲ. 'ನೀ ಓದಕೊ ಹೋಗವಾ' ಅನ್ನುತ್ತಿದ್ದಳು. ಹಾಸ್ಟೆಲಿನಲ್ಲಿ ಇಷ್ಟು ವರ್ಷ 'ನಮ್ಮ ಮನೆ' ಅಂದುಕೊಂಡಿದ್ದು ಇದನ್ನಲ್ಲ ಅನ್ನಿಸಿ, ಯಾರಿಗೂ ಹೇಳಿಕೊಳ್ಳಲಾಗದ ಸಂಕಟವಿತ್ತು.

ಹಬ್ಬ 2024ರ ಜನವರಿ 11ಕ್ಕೆ ಬಂತು. ಅದಕ್ಕೂ ಮುಂಚೆ ಒಂದು ಸಂಜೆ ಅವ್ವನನ್ನು ಕೇಳಿದೆ: 'ಇಲ್ಲಿ ಚರಗ ಎಲ್ಲಿ ಚೆಲ್ಲತಿದ್ರಿ?' ಅವಳು ಬಾಲ್ಕನಿಯ ತುಳಸಿ ಕುಂಡ ತೋರಿಸಿದಳು. ಕುಂಡದ ಬುಡಕ್ಕೆ ಒಂದು ತುತ್ತು ಮೊಸರನ್ನ ಹಾಕಿ ಕೈಮುಗಿಯುತ್ತಿದ್ದರಂತೆ. ಅಪ್ಪ ಟಿವಿಯಿಂದ ಮುಖ ತಿರುಗಿಸಲಿಲ್ಲ. ಊರಲ್ಲಿ ಅವನೇ ಮುಂದೆ ನಿಂತು, ಪಕ್ಕದ ಹೊಲದವರಿಗೂ ಕೇಳುವಂತೆ ಕೂಗುತ್ತಾ ಚರಗ ಚೆಲ್ಲುತ್ತಿದ್ದವನು.

ಅಜ್ಜಿಗೆ ಫೋನ್ ಹಚ್ಚಿದೆ. ನಮ್ಮದಲ್ಲದ ಹೊಲದಲ್ಲಿ ಚರಗ ಚೆಲ್ಲಬಹುದೇನು ಅನ್ನುವುದು ನನ್ನ ಪ್ರಶ್ನೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. 'ಅಲ್ಲೀ ಅಕ್ಕಿ ಉಣ್ಣಾಕತ್ತೀರಿಲ್ಲೋ? ಉಂಡ ಮ್ಯಾಲ ಆ ಭೂಮಿ ಋಣ ಐತಿ. ಹೊಲದಾಕಿನ್ನ ಒಂದ್ ಮಾತು ಕೇಳ್ರಿ, ಹೋಗಿ ಚೆಲ್ಲಿ ಬರ್ರಿ' ಅಂದಳು. ಅಲ್ಲಿಂದ ಮುಂದೆ ಇಡೀ ಮನೆಗೆ ಹಬ್ಬದ ಗಾಳಿ ಹತ್ತಿತು.

ಹೊಲ ಸಿಕ್ಕಿದ್ದು ಅವ್ವನಿಂದ. ಅವಳು ತರಕಾರಿ ಕೊಳ್ಳುವ ದೀದಿಯೊಬ್ಬಳಿದ್ದಾಳೆ, ಒರಾಂವ್ ಬುಡಕಟ್ಟಿನವಳು. ನಗರದ ಹೊರಗೆ ನದಿ ಕಡೆ ಅವರದೊಂದು ತುಂಡು ಹೊಲ. ಸುಂದರಗಢ ಜಿಲ್ಲೆಯ ಈ ಜನ ಮನೆಯಲ್ಲಿ ಮಾತಾಡುವುದು ಕುರುಖ್, ನಮ್ಮ ಕನ್ನಡದಂತೆ ಅದೂ ದ್ರಾವಿಡ ಬಳಗದ್ದೇ. ಅಷ್ಟು ದೂರದ ಉತ್ತರದಲ್ಲಿ ನಮ್ಮ ಬಳಗದ ಭಾಷೆಯೊಂದು ಸಂತೆಯಲ್ಲಿ ಕುಳಿತು ಬದನೆಕಾಯಿ ಮಾರುತ್ತಿದೆ ಅನ್ನುವುದು ನನಗೆ ಈಗಲೂ ಬೆರಗು. ತಮ್ಮ ಒಡಿಯಾದಲ್ಲಿ ಅವಳಿಗೆ ಹಬ್ಬದ ವಿಷಯ ಬಿಡಿಸಿ ಹೇಳಿದ: ಭೂಮಿ ಬಸುರಿ, ನಾವು ಊಟ ತಂದು ಕೊಡುತ್ತೇವೆ, ಬೆಳೆ ತುಳಿಯುವುದಿಲ್ಲ. ಅವಳಿಗೆ ವಿಚಿತ್ರ ಅನ್ನಿಸಬಹುದೆಂದು ಅಂಜಿದ್ದೆವು. ಅವಳು ತಲೆಯಾಡಿಸಿ, ಚೈತ್ರದ ಸರ್ಹುಲ್ ಹಬ್ಬದಲ್ಲಿ ಭೂಮಿಗೂ ಸೂರ್ಯನಿಗೂ ತಮ್ಮವರು ಮದುವೆ ಮಾಡುತ್ತಾರೆ, ಮದುವೆ ಆದವಳು ಬಸುರಿ ಆಗಲೇಬೇಕಲ್ಲ, ಬನ್ನಿ ಅಂದಳಂತೆ. ತಮ್ಮ ಇದನ್ನು ಕನ್ನಡದಲ್ಲಿ ಹೇಳಿದಾಗ ಅವ್ವ ಸಂತೆಯ ನಡುವೆಯೇ ಅವಳ ಎರಡೂ ಕೈ ಹಿಡಿದುಕೊಂಡಳು.

ಇನ್ನು ಅಡುಗೆ. ನಾನು ಬರುವಾಗ ಅಜ್ಜಿ ಚೀಲ ತುಂಬಿ ಕಳಿಸಿದ್ದಳು: ಸಜ್ಜೆ, ಬಿಳಿ ಜೋಳ, ಎಳ್ಳು, ಗುರೆಳ್ಳು, ಅಗಸಿ, ಮಡಿಕೆ ಕಾಳು, ಒಂದು ಭರಣಿ ಕೆಂಪಿಂಡಿ. ಸಜ್ಜೆಯನ್ನು ಹಿಟ್ಟು ಮಾಡಿ ಕಳಿಸಿರಲಿಲ್ಲ, ಕಾಳೇ ಕಳಿಸಿದ್ದಳು. ಸಜ್ಜೆ ಹಿಟ್ಟು ಬಹಳ ದಿನ ತಡೆಯುವುದಿಲ್ಲ, ಅದರಲ್ಲಿರುವ ಎಣ್ಣೆ ಅಂಶಕ್ಕೆ ಬೇಗ ಕಹಿಯಾಗುತ್ತದೆ. ಬಡಾವಣೆಯ ಗಿರಣಿಯವನು ಬೀಸುವುದು ಗೋಧಿ, ಕಡಲೆ. ಕಾಳನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಮೊದಲ ಹಿಡಿಯಷ್ಟು ಹಿಟ್ಟಿನಲ್ಲಿ ಗೋಧಿ ಬೆರೆತಿತ್ತು. ಅದನ್ನು ಬೇರೆ ತೆಗೆದಿಟ್ಟು ಉಳಿದದ್ದನ್ನು ತಂದೆವು.

ಖಡಕ್ ರೊಟ್ಟಿಯನ್ನು ಹಬ್ಬಕ್ಕೆ ಮುಂಚೆಯೇ ಬಡಿದಿಟ್ಟುಕೊಳ್ಳುವುದು ನಮ್ಮ ರೂಢಿ. ಅವತ್ತು ಅವ್ವ ನನ್ನನ್ನು ಓದಲು ಕಳಿಸಲಿಲ್ಲ. ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಸುರಿದಳು. ಕೈ ತಾಳುವಷ್ಟು ಆರಿದ ಕೂಡಲೇ ನಾದಬೇಕು, ತಡ ಮಾಡಿದರೆ ಜಿಗಿ ಬರುವುದಿಲ್ಲ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಬಡಿಯುತ್ತಾ ಅರ್ಧ ಅಗಲವಾದಾಗ ಮೇಲೆ ಬಿಳಿ ಎಳ್ಳು ಚೆಲ್ಲಿ, ಅಂಗೈಯಿಂದ ಒತ್ತಿ, ಮತ್ತೆ ಬಡಿದು ತೆಳ್ಳಗೆ ಮಾಡಬೇಕು. ಹಂಚಿನ ಮೇಲೆ ಒದ್ದೆ ಅರಿವೆಯಿಂದ ನೀರು ಸವರುವಾಗ ಎಳ್ಳು ಉದುರಬಾರದು. ಒತ್ತಿದ್ದು ಕಮ್ಮಿಯಾದರೆ ಉದುರುತ್ತದೆ, ಹೆಚ್ಚಾದರೆ ರೊಟ್ಟಿ ಅಲ್ಲೇ ತೂತು. ಅವ್ವನ ಬಳೆ ಸದ್ದು, ಬಡಿತದ ಸದ್ದು ಒಂದೇ ತಾಳದಲ್ಲಿ ಹೋಗುತ್ತಿದ್ದವು. ನಾನು ಬೇಯಿಸಿದೆ. ಗ್ಯಾಸಿನ ಉರಿಯಲ್ಲಿ ಸೌದೆ ಒಲೆಯ ರುಚಿ ಬರುವುದಿಲ್ಲ ಅಂತ ಊರವರು ಹೇಳುವುದು ನಿಜವೇ. ಆದರೂ ಸುಟ್ಟ ಎಳ್ಳಿನ ವಾಸನೆ ಮೂರನೇ ಮಹಡಿಯಿಂದ ಮೆಟ್ಟಿಲಿಳಿದು ಕೆಳಗಿನ ಮನೆಯವರ ಬಾಗಿಲಿಗೂ ಹೋಯಿತು.

ಅದರ ಸುಳಿವು ಹಿಡಿದು ಕೆಳಗಿನ ಮನೆಯ ಮಾವುಸಿ ಮೇಲೆ ಬಂದರು. ಅವರಿಂದ ತಿಳಿದದ್ದು ನನಗೆ ಈ ಹಬ್ಬದ ದೊಡ್ಡ ಲಾಭ. ನಾವು ಎಳ್ಳಮವಾಸ್ಯೆ ಮಾಡುವ ಅದೇ ದಿನ ಒಡಿಶಾದಲ್ಲಿ ಬಕುಳ ಅಮವಾಸ್ಯೆ. ನಮಗೆ ಅದು ಮಾರ್ಗಶಿರದ ಅಮವಾಸ್ಯೆ, ಅವರಿಗೆ ಪುಷ್ಯದ್ದು. ನಮ್ಮಲ್ಲಿ ತಿಂಗಳು ಅಮವಾಸ್ಯೆಗೆ ಮುಗಿಯುತ್ತದೆ, ಅವರಲ್ಲಿ ಹುಣ್ಣಿಮೆಗೆ, ಅದಕ್ಕೇ ಹೆಸರು ಬೇರೆ. ಆ ದಿನ ಅವರು ಮಾವಿನ ಹೂವನ್ನು ದೇವರಿಗೆ ಏರಿಸುತ್ತಾರೆ, ಅಕ್ಕಿ ಹಿಟ್ಟಿನ ಸಣ್ಣ ಉಂಡೆಗಳನ್ನು ಹಾಲಿನಲ್ಲಿ ಬೇಯಿಸಿ 'ಗಇಂಠಾ ಪಿಠಾ' ಮಾಡುತ್ತಾರೆ, ಹೂ ಬಿಟ್ಟ ಮಾವಿನ ಮರಕ್ಕೂ ಎಡೆ ಹಿಡಿಯುತ್ತಾರೆ. ನಾವು ಜೋಳಕ್ಕೆ, ಅವರು ಮಾವಿಗೆ. ಅವರ ಭತ್ತ ಆಗಲೇ ಕೊಯ್ದು ಮನೆ ಸೇರಿರುತ್ತದೆ. ಭತ್ತದ ಬಯಕೆಗೆ ಅವರಲ್ಲಿ ಗರ್ಭಣಾ ಸಂಕ್ರಾಂತಿ ಅಂತ ಬೇರೆಯೇ ಹಬ್ಬ, ಅಕ್ಟೋಬರ್ ನಡುವಿನಲ್ಲಿ, ನಮ್ಮ ಸೀಗಿ ಹುಣ್ಣಿಮೆಯ ಆಸುಪಾಸು. ಇಷ್ಟು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವರಲ್ಲ, ಹೊಸ ನೆರೆ. ಆದರೂ ಅವ್ವ ಮತ್ತು ಮಾವುಸಿ ಅವತ್ತು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಬಹಳ ಹೊತ್ತು ಮಾತಾಡಿದರು.

ಹಬ್ಬದ ಬೆಳಿಗ್ಗೆ ಅಪ್ಪ ರಜೆ ಹಾಕಿದ್ದ. ಹೋಳಿಗೆ ಎರಡು ಬಗೆ, ಶೇಂಗಾದ್ದು ಮತ್ತು ಎಳ್ಳಿನದು. ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳು ಪಲ್ಯ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕಡುಬು, ಕರ್ಚಿಕಾಯಿ, ಮೊಸರು ಬುತ್ತಿ. ಪುಂಡಿ ಪಲ್ಯ ಇರಲಿಲ್ಲ, ಅದಿಲ್ಲದ ಎಳ್ಳಮವಾಸ್ಯೆ ಊಟ ನನಗೆ ಪೂರ್ತಿ ಅನ್ನಿಸುವುದೇ ಇಲ್ಲ. ಅವ್ವ ನನ್ನ ಕೋಣೆಯ ಟ್ರಂಕು ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿಟ್ಟ ಬಿದಿರಿನ ಪುಟ್ಟಿ ತೆಗೆದಳು. ಊರಿಂದ ತಂದದ್ದು, ಬಂದ ಮೇಲೆ ತೆಗೆದೇ ಇರಲಿಲ್ಲ. ಎಲ್ಲವನ್ನೂ ಅದರಲ್ಲಿ ಜೋಡಿಸಿ ಬಿಳಿ ಅರಿವೆ ಮುಚ್ಚಿ ಆಟೋ ಹತ್ತಿದೆವು.

ದಾರಿಯಲ್ಲಿ ವೇದವ್ಯಾಸದಲ್ಲಿ ಇಳಿದೆವು. ಶಂಖ ಮತ್ತು ಕೋಯೆಲ್ ನದಿಗಳು ಕೂಡಿ ಬ್ರಾಹ್ಮಣಿ ಆಗುವ ಜಾಗ ಅದು. ಮಹಾಭಾರತ ಬರೆದ ವ್ಯಾಸರು ಇಲ್ಲಿದ್ದರೆಂದು ಅಲ್ಲಿಯ ಜನ ನಂಬುತ್ತಾರೆ. ಪಾಂಡವರ ಕಲ್ಲುಗಳನ್ನು ಇಲ್ಲಿಂದಲೇ ಆರಿಸೋಣ ಅಂತ ಅಪ್ಪನೇ ಹೇಳಿದ್ದ. ಪಾಂಡವರ ಕಥೆ ಬರೆದವರ ದಂಡೆಯಿಂದ ಪಾಂಡವರು ಬರುವುದಕ್ಕಿಂತ ಚೆಂದದ್ದು ಏನಿದೆ? ನೀರು ಉಜ್ಜಿ ನುಣ್ಣಗೆ ಮಾಡಿದ ಐದು ಕಲ್ಲನ್ನು ತಮ್ಮ ಆರಿಸಿ ಜೇಬಿಗೆ ತುಂಬಿಕೊಂಡ.

ದೀದಿಯ ಹೊಲದಲ್ಲಿ ಮೇಲಿನ ಗದ್ದೆ ಪೂರ್ತಿ ಭತ್ತದ ಕೂಳೆ. ಬಾವಿ ಪಕ್ಕದ ತಗ್ಗಿನಲ್ಲಿ ಮಾತ್ರ ಸಾಸಿವೆ ಹಳದಿ ಹೂ ಬಿಟ್ಟಿತ್ತು, ಅದರಾಚೆ ಟೊಮೆಟೊ, ಹೂಕೋಸು. ಮಣ್ಣು ಕೆಂಪು. ನಮ್ಮ ಎರೆ ಮಣ್ಣು ಕಾಲಿಗೆ ಅಂಟಿ ಚಪ್ಪಲಿ ಭಾರ ಮಾಡುತ್ತದೆ, ಇದು ಪುಡಿಯಾಗಿ ಉದುರುತ್ತದೆ. ಬನ್ನಿ ಗಿಡ ಇರಲಿಲ್ಲ, ಬದುವಿನ ಇಪ್ಪೆ ಮರದ ಬುಡದಲ್ಲೇ ಕಲ್ಲಿಟ್ಟು ಪೂಜೆ ಮಾಡಿದೆವು. ದೀದಿ ತಾನೇ ಹೋಗಿ ಸಾಸಿವೆ ಹೂ ಕಿತ್ತು ತಂದು ಕಲ್ಲುಗಳಿಗೆ ಏರಿಸಿದಳು.

ಚರಗ ಚೆಲ್ಲುವವರು ಇಬ್ಬರು ಬೇಕು. ಮುಂದಿನವರು 'ಹುಲ್ಲುಲ್ಲಿಗೋ' ಅಂತ ಎಡೆ ಚೆಲ್ಲಿದರೆ, ಹಿಂದಿನವರು ನೀರು ಚಿಮುಕಿಸುತ್ತಾ 'ಚಲ್ಲಂಬರಿಗೋ' ಅನ್ನಬೇಕು. ನಮ್ಮ ಮನೆಯಲ್ಲಿ ಇದು ಗಂಡಸರ ಕೆಲಸ. ಹೆಣ್ಣುಮಕ್ಕಳು ಮರದ ಕೆಳಗೆ ಎಲೆ ಹಾಕುತ್ತಾ ಕೇಳಿಸಿಕೊಳ್ಳುವವರು. ತಮ್ಮನಿಗೆ ಆ ಕೂಗು ಮರೆತೇ ಹೋಗಿತ್ತು, ಊರು ಬಿಟ್ಟಾಗ ಅವನು ಚಿಕ್ಕವನು. ಅಪ್ಪ ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟ. ಚಿಕ್ಕಂದಿನಿಂದ ಈ ತಂಬಿಗೆ ಹಿಡಿಯುವ ಆಸೆ ನನಗಿತ್ತು, ಅದು ಅವನಿಗೆ ಗೊತ್ತಿತ್ತೋ ಇಲ್ಲವೋ. ಮೊದಲ ಕೂಗು ಅವನ ಗಂಟಲಲ್ಲೇ ಉಳಿಯಿತು. ಎರಡನೆಯದು ಬದುವಿನ ಆಚೆ ದನ ಕಾಯುವ ಹುಡುಗರಿಗೂ ಕೇಳಿತು. ನಾನು ಹಿಂದಿನಿಂದ ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟೆ. ಸಾಸಿವೆ ಸುತ್ತ, ಕೂಳೆಯ ಸುತ್ತ, ಬಾವಿ ಸುತ್ತ ಬಂದು ಮುಗಿಸುವ ಹೊತ್ತಿಗೆ ಆ ಹುಡುಗರೂ ನಮ್ಮ ಹಿಂದೆ ನಡೆಯುತ್ತಾ ಕೂಗುತ್ತಿದ್ದರು. ಅವರನ್ನೂ ಸೇರಿಸಿಕೊಂಡು ಉಂಡೆವು. ದೀದಿಗೆ ಸಜ್ಜೆ ರೊಟ್ಟಿಗಿಂತ ಗುರೆಳ್ಳು ಹಿಂಡಿ ಹಿಡಿಸಿತು.

ಸಂಜೆ ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಮೊದಲ ಪ್ರಶ್ನೆ: 'ಬೆಳಿ ಹೆಂಗೈತಿ?' ತಾನು ಎಂದೂ ಕಾಣದ ಹೊಲದ ಬೆಳೆ ಅದು. ಚೆನ್ನಾಗಿದೆ ಅಂದಾಗ ಅವಳಿಗೆ ಸಮಾಧಾನವಾಯಿತು. ಅಲ್ಲಿಯ ಸುದ್ದಿ ಚೆನ್ನಾಗಿರಲಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಜೋಳ ಮೊಣಕಾಲೆತ್ತರಕ್ಕೇ ತೆನೆ ಹಾಕಿ ನಿಂತಿತ್ತು, ಕಡಲೆ ಮಾತ್ರ ಇಬ್ಬನಿಗೆ ಅಷ್ಟೋ ಇಷ್ಟೋ ತಡೆದಿತ್ತು. ಆದರೂ ದೊಡ್ಡಪ್ಪ ಚಕ್ಕಡಿ ಹೂಡಿ ಹೋಗಿ ಚರಗ ಚೆಲ್ಲಿ ಬಂದಿದ್ದರು, ಒಂದು ಹೋಳಿಗೆಯೂ ಕಮ್ಮಿ ಮಾಡದೆ. 'ಬಸುರಿಗಿ ತ್ರಾಸು ಆದ್ರ ಊಟ ಕಮ್ಮಿ ಮಾಡ್ತಾರೇನು, ಜಾಸ್ತಿನ ಹಾಕ್ಬೇಕು' ಅಂದರು. ಅಪ್ಪ ಏನೂ ಅನ್ನದೆ ಫೋನನ್ನು ಬಾಲ್ಕನಿಗೆ ಒಯ್ದು ಅವರೊಂದಿಗೆ ಬೇರೆ ಮಾತಾಡಿದ. ಆ ತಿಂಗಳು ಊರಿಗೆ ದುಡ್ಡು ಹೋಗಿದ್ದು ನನಗೆ ಆಮೇಲೆ ಗೊತ್ತಾಯಿತು.

ಹೊಲದಿಂದ ಹೊರಡುವಾಗ ದೀದಿಗೆ ಅವ್ವ ಒಂದು ಬಟ್ಟಲು ಬಿಳಿ ಜೋಳ ಕೊಟ್ಟಿದ್ದಳು, ಅಡುಗೆಗೆಂದು. ಅವಳು ಬಿತ್ತಿ ನೋಡುತ್ತೇನೆ ಅಂದಳು. ದೊಡ್ಡಪ್ಪನಿಗೆ ಹೇಳಿದರೆ, ಬೀಜಕ್ಕಾದರೆ ಒಳ್ಳೆ ಮಾಲದಂಡಿ ತಳಿಯ ಜೋಳ ಕಳಿಸುತ್ತೇನೆ, ಆದರೆ ಕೆಂಪು ಮಣ್ಣು ನಮ್ಮ ಎರೆಯಷ್ಟು ತೇವ ಹಿಡಿಯುವುದಿಲ್ಲ, ಬಾವಿ ನೀರು ಕೊಡಬೇಕಾದೀತು ಅಂದರು. ಭತ್ತ ಕೊಯ್ಯುವ ತನಕ ಕಾದರೆ ಹದ ತಪ್ಪುತ್ತದೆ, ಸೆಪ್ಟೆಂಬರ್ ಕೊನೆಗೇ ಬಿತ್ತಬೇಕು. ಸಾಸಿವೆ ಬೆಳೆದ ತುಂಡಿನಲ್ಲಿ ಎರಡು ಸಾಲು ಬಿಡುತ್ತೇನೆಂದು ದೀದಿ ಒಪ್ಪಿದ್ದಾಳೆ. ಪರೀಕ್ಷೆ ನನ್ನನ್ನು ಯಾವ ಊರಿಗೆ ಕಳಿಸುತ್ತದೋ ಕಾಣೆ. ಬಿತ್ತುವ ದಿನಕ್ಕೆ ಮನೆಗೆ ಬರುತ್ತೇನೆ ಅಂತ ಅವ್ವನಿಗೆ ಹೇಳಿದ್ದೇನೆ, ಬೀಜದ ಚೀಲ ಇಡಲು ಟ್ರಂಕಿನಲ್ಲಿ ಜಾಗವನ್ನೂ ಮಾಡಿದ್ದೇನೆ.