ಪಾಲಿಗೊಂದು ಕಾಳು

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಮನೆಮಾತು ಕೊಂಕಣಿಯಲ್ಲಿ ಮೊಂತಿ ಹಬ್ಬ, ಹೊಸ ತೆನೆಯ ಹಬ್ಬವೂ ಅದೇ. ತಮಾಷೆ ಏನೆಂದರೆ, ಆ ಹೊತ್ತಿಗೆ ನಮ್ಮ ಗದ್ದೆಯಲ್ಲಿ ತೆನೆಯೇ ಇರುವುದಿಲ್ಲ. ನಾಟಿ ಮುಗಿದು ಪೈರು ಹಸಿರಾಗಿ ನಿಂತಿರುತ್ತದೆ ಅಷ್ಟೆ. ಕೊಡಗಿನ ಭತ್ತ ಬಲಿಯುವುದು ನವೆಂಬರ್-ಡಿಸೆಂಬರ್‌ನಲ್ಲಿ, ಕೊಡವರ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ. ಮೊಂತಿ ಹಬ್ಬ ಘಟ್ಟದ ಕೆಳಗಿನದು, ಅಲ್ಲಿನ ಗದ್ದೆಯ ಲೆಕ್ಕದ್ದು. ಹಿರಿಯರು ಘಟ್ಟ ಹತ್ತಿದಾಗ ಹಬ್ಬದ ತಾರೀಕನ್ನೂ ಕಟ್ಟಿಕೊಂಡು ಬಂದರು. ಹಾಗಾಗಿ ನಮ್ಮ ಮನೆಗೆ ಬರುವ ತೆನೆ ಯಾರದೋ ಗದ್ದೆಯದು. ಚಿಕ್ಕವನಿದ್ದಾಗ ಇದು ನನಗೆ ಅವಮಾನದ ಹಾಗೆ ಕಾಣುತ್ತಿತ್ತು. ಈಗ ಹಾಗನ್ನಿಸುವುದಿಲ್ಲ.

ಆ ಹಿರಿಯರು ಸುಮ್ಮನೆ ಹತ್ತಿದವರಲ್ಲ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ, ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ನೆಲ ಕೊಟ್ಟ, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚು ಎದ್ದಿತು. ಅನ್ನಮ್ಮ ಮರಿಯಮ್ಮನ ತಾಯಿ. ಹುಟ್ಟುಹಬ್ಬಕ್ಕೆ ಮಗಳು ತವರಿಗೆ ಬರುತ್ತಾಳೆ ಎಂದು ಅಮ್ಮ ಹೇಳುವುದುಂಟು. ದೇವಶಾಸ್ತ್ರ ಓದಿದವರು ಏನನ್ನುತ್ತಾರೋ, ನನಗಂತೂ ಆ ಮಾತು ಇಷ್ಟ.

ಪೂಜೆ ಮುಗಿದು ಫಾದರ್ ಆಶೀರ್ವದಿಸಿದ ತೆನೆಯನ್ನು ಮನೆಗೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಅಮ್ಮ ದೀಪ ಹಚ್ಚಿ, ತೆನೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಉಗುರಿನಿಂದ ಕಾಳು ಬಿಡಿಸುತ್ತಾಳೆ. ಹಸಿ ಸಿಪ್ಪೆ ಬೇಗ ಬಿಡುವುದಿಲ್ಲ. ಎಪ್ಪತ್ತು ದಾಟಿದ ಕಣ್ಣು, ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಬೇಕು. ತಲೆಗೊಂದು ಅಕ್ಕಿಕಾಳು, ಕುವೈತ್‌ನಲ್ಲಿರುವ ತಮ್ಮನಿಗೂ ಒಂದು. ಅವನದನ್ನು ಕಾಗದದಲ್ಲಿ ಮಡಚಿಟ್ಟು ಉಳಿದದ್ದನ್ನು ಪಾಯಸಕ್ಕೆ ಹಾಕುತ್ತಾಳೆ. ಅವತ್ತು ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ ಊಟ.

2024ರ ಹಬ್ಬದ ಹೊತ್ತಿಗೆ ನನ್ನ ಮನಸ್ಸು ಕಾಫಿ ಒಣಗಿಸುವ ಕಣದಲ್ಲಿತ್ತು. ನಮ್ಮದು ಎರಡೂವರೆ ಎಕರೆ ರೊಬಸ್ಟಾ ಕಾಫಿ. ಶಾಲೆ ಫೀಸು, ಸಾಲದ ಕಂತು ಎಂದು ಆ ಫೆಬ್ರವರಿಯಲ್ಲೇ ಒಣಗಿದ ಚೆರ್ರಿಯನ್ನೆಲ್ಲ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನೆಲ್ಲ, ಮಾರಿದ್ದೆ. ಏಪ್ರಿಲ್‌ನಲ್ಲಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ರೂಪಾಯಿ ಮುಟ್ಟಿತು. ಕಾದು ಕೂತವರು ಮನೆಗೆ ಹೊಸ ಶೀಟು ಹಾಕಿಸಿದರು. ನಾನು ರಾತ್ರಿ ಮೊಬೈಲಿನಲ್ಲಿ ರೇಟು ನೋಡಿ, ಕಳೆದು ಕೂಡಿಸಿ, ಆಮೇಲೆ ಜಪಮಾಲೆ ಹಿಡಿಯುತ್ತಿದ್ದೆ. ಯಾವ ಮಣಿಯಲ್ಲಿದ್ದೇನೆ ಎನ್ನುವುದೇ ತಪ್ಪಿ ಹೋಗುತ್ತಿತ್ತು. ಅದಕ್ಕೂ ಕೆಟ್ಟದ್ದೊಂದಿದೆ. ಕೊಯ್ಲಿಗೆ ಬಂದ ಕೆಳಗಿನ ಕಾಲೊನಿಯ ಅಕ್ಕನಿಗೆ, ರೇಟು ಬಂದರೆ ಕೆಜಿಗೆ ಇಷ್ಟು ಸೇರಿಸಿ ಕೊಡುತ್ತೇನೆ ಎಂದಿದ್ದೆ. ರೇಟು ಬಂತು, ಆದರೆ ನನಗೆ ಬರಲಿಲ್ಲವಲ್ಲ ಎಂದು ಸುಮ್ಮನಾದೆ. ಅವಳೂ ಕೇಳಲಿಲ್ಲ.

ಹಬ್ಬದ ಹಿಂದಿನ ದಿನ, ಒಂಬತ್ತು ದಿನದ ಪ್ರಾರ್ಥನೆ ನೊವೇನಾ ಮುಗಿಸಿ ಬಂದು ಪವಿತ್ರ ಗ್ರಂಥ ಬೈಬಲ್ ತೆರೆದಾಗ 131ನೇ ಕೀರ್ತನೆ ಸಿಕ್ಕಿತು. ಮೂರೇ ಮೂರು ವಚನ. ನನ್ನ ಅಳವಿಗೆ ಮೀರಿದ್ದಕ್ಕೆ ಕೈ ಚಾಚುವುದಿಲ್ಲ, ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಜೀವ ಸುಮ್ಮನಿದೆ, ಎನ್ನುತ್ತಾನೆ ಕೀರ್ತನೆಗಾರ. ಎಷ್ಟೋ ಸಲ ಓದಿದ್ದೇನೆ. ಹಾಲು ಕುಡಿಯುವ ಕೂಸು ಎಂದೇ ತಲೆಯಲ್ಲಿ ಕೂತಿತ್ತು. ಅಲ್ಲ, ಮೊಲೆ ಬಿಟ್ಟ ಕೂಸು.

ನಮ್ಮ ಮಗಳಿಗೆ ಹಾಲು ಬಿಡಿಸಿದ್ದು ನೆನಪಾಯಿತು. ಅಮ್ಮನ ಮಾತಿನಂತೆ ಹೆಂಡತಿ ಬೇವು ಅರೆದು ಹಚ್ಚಿಕೊಂಡಳು. ನಾಲ್ಕು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮಗು ಸೆರಗು ಎಳೆಯುವುದು, ಕಹಿಯಾಗಿ ಮುಖ ತಿರುಗಿಸುವುದು, ಮತ್ತೆ ಅರಚುವುದು. ಐದನೆಯ ರಾತ್ರಿ ತಾನಾಗಿ ಬಂದು ಮಡಿಲಿಗೆ ಹತ್ತಿತು, ಏನನ್ನೂ ಹುಡುಕಲಿಲ್ಲ, ಅವಳ ಬಳೆ ಹಿಡಿದುಕೊಂಡು ನಿದ್ದೆ ಹೋಯಿತು. ಅಲ್ಲಿಯವರೆಗೆ ಅದಕ್ಕೆ ಬೇಕಾಗಿದ್ದು ಹಾಲು. ಅವತ್ತು ಬೇಕಾಗಿದ್ದು ಅಮ್ಮ.

ನಾನು ಇನ್ನೂ ಸೆರಗು ಎಳೆಯುವವನೇ. ಮಳೆ ಕೊಡು, ರೇಟು ಕೊಡು, ಆನೆ ಈ ಕಡೆ ಬಾರದಿರಲಿ. ಕೇಳುವುದು ತಪ್ಪೆಂದು ಹೇಳುತ್ತಿಲ್ಲ. ಪುತ್ತರಿಯಲ್ಲಿ ನಮ್ಮ ಕೊಡವ ನೆರೆಯವರು ಕದಿರು ಕೊಯ್ಯುತ್ತಾ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾರೆ, ಹೆಚ್ಚಲಿ ದೇವರೇ ಎಂದು. ನಮ್ಮ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ಬೇಡಿಕೆ ಇದೆ, ಅನುದಿನದ ಆಹಾರ. ಆದರೆ ಕೊಟ್ಟ ದಿನ ದೇವರು ಒಳ್ಳೆಯವರು, ಕೊಡದ ದಿನ ಅವರ ಮುಖ ನೋಡಲೂ ಮನಸ್ಸಿಲ್ಲ ಎಂದಾದರೆ, ಇಷ್ಟು ವರ್ಷ ನಾನು ಹತ್ತಿರ ಇದ್ದದ್ದು ಯಾರಿಗೆ?

ತೃಪ್ತಿಯ ಮಾತು ಬಂದಾಗ ಒಂದು ಅನುಮಾನವೂ ನನಗಿದೆ. ಇದನ್ನು ಹೊಟ್ಟೆ ತುಂಬಿದವರು ಕೂಲಿಯವರಿಗೆ ಹೇಳುವುದೇ ಹೆಚ್ಚು. ಸಂತ ಪೌಲನ ವಿಷಯ ಬೇರೆ. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದಾಗ ಅವನು ಸೆರೆಯಲ್ಲಿದ್ದ. ‘ಕಲಿತಿದ್ದೇನೆ’ ಅಂದ, ಹುಟ್ಟಿನಿಂದಲೇ ಬಂತು ಅನ್ನಲಿಲ್ಲ. ಆ ಊರಿನವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ನೆರವನ್ನು ಅದೇ ಪತ್ರದಲ್ಲಿ ಸಂತೋಷದಿಂದ ನೆನೆಯುತ್ತಾನೆ. ನನಗೇನೂ ಬೇಡ ಎಂದು ದೊಡ್ಡಸ್ತಿಕೆ ತೋರಿಸಲಿಲ್ಲ. ಇನ್ನು ಯಾಕೋಬನ ಪತ್ರದ ಒಂದು ಮಾತು ನೇರವಾಗಿ ಹೊಲದ ಒಡೆಯನಿಗೇ ಹೇಳಿದ್ದು: ಪೈರು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. ಅದನ್ನು ಓದಿದ ಮೇಲೆ ಗ್ರಂಥ ಮುಚ್ಚಿದೆ.

ಸಂಜೆಯೇ ಛತ್ರಿ ಹಿಡಿದು ಕಾಲೊನಿಗೆ ಇಳಿದೆ. ಜಿಗಣೆ ಕಾಲಿಗೆ ಹತ್ತುತ್ತಿತ್ತು. ಅಕ್ಕ ಒಲೆ ಮುಂದಿದ್ದಳು. ನಾನು ಕೊಟ್ಟದ್ದನ್ನು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು.

“ಅಣ್ಣ, ಲೆಕ್ಕ ಸರಿಯಿಲ್ಲ. ಮೂರು ದಿನ ನನ್ನ ತಂಗಿಯೂ ಬಂದಿದ್ದಳು.”

ನನಗೆ ಮರೆತೇ ಹೋಗಿತ್ತು. ಅವಳಿಗೆ ಒಂದೊಂದು ದಿನದ ತೂಕವೂ ಬಾಯಿಪಾಠ. ಜೇಬಿನಲ್ಲಿದ್ದದ್ದನ್ನೂ ತೆಗೆದುಕೊಟ್ಟೆ. ಆಕೆ ಥ್ಯಾಂಕ್ಸ್ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಜಿಗಣೆಗೆ ಹಾಕಿಕೊಳ್ಳಿ ಎಂದು ಒಂದು ಚಿಟಿಕೆ ಉಪ್ಪು ಕೊಟ್ಟಳು. ಮೇಲೆ ಹತ್ತಿ ಬಂದು ಅವತ್ತು ರೇಟು ನೋಡಲಿಲ್ಲ. ಮಾರನೆಯ ವಾರ ಮತ್ತೆ ನೋಡಿದೆ, ಸುಳ್ಳು ಹೇಳಬಾರದು.

ಹಬ್ಬದ ಮಧ್ಯಾಹ್ನ ಅಮ್ಮ ಕಾಳು ಎಣಿಸಿ ಪಾಯಸಕ್ಕೆ ಹಾಕಿ ಬಡಿಸಿದಳು. ಮಗಳಿಗೆ ಆಗ ಆರು ವರ್ಷ. ತನ್ನ ಪಾಲಿನ ಕಾಳು ಬಂತೋ ಇಲ್ಲವೋ ಎಂದು ಚಮಚದಲ್ಲಿ ಕೆದಕಿ ಕೆದಕಿ ನೋಡಿದಳು. ಶಾವಿಗೆಯ ನಡುವೆ ಏನು ಕಂಡೀತು?

“ಅಜ್ಜಿ, ನಂದು ಇದರಲ್ಲಿ ಇಲ್ಲ.”

“ಇರ್ತದೆ ಮಗಾ, ಕುಡಿ.”

ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದಳು.